ತಲೆಬುರುಡೆ ತೆರೆಯದೆ ಫಿಟ್ಸ್ ತಡೆಯಲು ಆಗುತ್ತದೆಯೇ?

ಫಿಟ್ಸ್‌ಗೆ ತಲೆಗೆ ಕರೆಂಟ್ ಕೊಡುತ್ತಾರಂತೆ ಅಂದರೆ ನಮ್ಮಲ್ಲಿ ಬಹಳ ಜನರಿಗೆ ಮೊದಲು ನೆನಪಾಗುವುದು ಸಿನಿಮಾಗಳಲ್ಲಿ ನೋಡಿದ ಶಾಕ್ ಟ್ರೀಟ್‌ಮೆಂಟ್. ಕೇಳಿದ ಕೂಡಲೇ ಭಯವಾಗುತ್ತದೆ. ಆದರೆ ಇಲ್ಲಿ ಹೇಳಹೊರಟಿರುವುದು ಅದಲ್ಲ, ಬೇರೆಯೇ ಒಂದು ವಿಧಾನ. ಶಾಕ್ ಟ್ರೀಟ್‌ಮೆಂಟ್‌ನಲ್ಲಿ, ಅಂದರೆ ಇಸಿಟಿಯಲ್ಲಿ, ರೋಗಿಗೆ ಅರಿವಳಿಕೆ ಕೊಟ್ಟು ಸುಮಾರು 800 ಮಿಲಿಆಂಪಿಯರ್ ಕರೆಂಟನ್ನು ಕೆಲವು ಸೆಕೆಂಡು ಹರಿಸುತ್ತಾರೆ. ಬೇಕೆಂದೇ ಒಂದು ಫಿಟ್ಸ್ ಬರಿಸುವುದು ಅದರ ಉದ್ದೇಶ. ಈ ಲೇಖನದ ವಿಧಾನದಲ್ಲಿ ಕರೆಂಟ್ ಇರುವುದು 1ರಿಂದ 2 ಮಿಲಿಆಂಪಿಯರ್. ರೋಗಿ ಎಚ್ಚರವಾಗಿ ಕುರ್ಚಿಯಲ್ಲಿ ಕೂತಿರುತ್ತಾರೆ, ಪಕ್ಕದಲ್ಲಿದ್ದವರ ಜೊತೆ ಮಾತಾಡಬಹುದು. ಇಪ್ಪತ್ತು ನಿಮಿಷ ಆದ ಮೇಲೆ ಎದ್ದು ಮನೆಗೆ ಹೋಗಬಹುದು. ಇದರ ಹೆಸರು ಟ್ರಾನ್ಸ್‌ಕ್ರೇನಿಯಲ್ ಡೈರೆಕ್ಟ್ ಕರೆಂಟ್ ಸ್ಟಿಮ್ಯುಲೇಶನ್. ಚಿಕ್ಕದಾಗಿ ಟಿಡಿಸಿಎಸ್.

ಇದು ಫಿಟ್ಸ್‌ಗೆ ಕೆಲಸ ಮಾಡುತ್ತದಾ? ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಲ್ಲಿ ಹೇಳಿ ಮುಗಿಸುವವರನ್ನು ನಂಬಬೇಡಿ. ಏಕೆ ಎನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಇದರ ಅಗತ್ಯ ಯಾರಿಗೆ ಎಂದು ನೋಡೋಣ. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರ, ಅಂದರೆ ಪದೇ ಪದೇ ಫಿಟ್ಸ್ ಬರುವ ಕಾಯಿಲೆ, ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿ, 2004ರಲ್ಲಿ ಅದರ ಲೆಕ್ಕ ಕೊಟ್ಟರು. ಸಾವಿರಕ್ಕೆ ಸುಮಾರು 9 ಜನರಿಗೆ ಅಪಸ್ಮಾರ. ನಗರದಲ್ಲಿ 5.7 ಇದ್ದರೆ ಹಳ್ಳಿಗಳಲ್ಲಿ 11.9, ಅಂದರೆ ಎರಡು ಪಟ್ಟು.

ಇವರಲ್ಲಿ ಹೆಚ್ಚಿನವರಿಗೆ ಮಾತ್ರೆಯೇ ಸಾಕು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 525 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2000ದಲ್ಲಿ ಒಂದು ವರದಿ ಬಂತು. ಅವರಲ್ಲಿ ಮೊದಲು ಯಾವ ಮಾತ್ರೆಯನ್ನೂ ತೆಗೆದುಕೊಂಡಿರದ 470 ಜನರ ಪೈಕಿ 47% ಜನರಿಗೆ ಮೊದಲನೇ ಮಾತ್ರೆಯಲ್ಲೇ ಫಿಟ್ಸ್ ನಿಂತಿತ್ತು. ಎರಡನೇ ಮಾತ್ರೆಗೆ ಇನ್ನೊಂದು 13% ಜನ ಸೇರಿದರು. ಆಮೇಲೆ ಏನೇ ಬದಲಿಸಿದರೂ, ಎರಡು ಔಷಧಿ ಸೇರಿಸಿ ಕೊಟ್ಟರೂ, ಹೊಸದಾಗಿ ಗುಣ ಕಂಡವರು ನೂರಕ್ಕೆ ನಾಲ್ಕು ಜನ ಅಷ್ಟೇ. ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ತೆಗೆದುಕೊಂಡರೂ ಫಿಟ್ಸ್ ನಿಲ್ಲದಿದ್ದರೆ, ಅದನ್ನು ಮಾತ್ರೆಗೆ ಬಗ್ಗದ ಅಪಸ್ಮಾರ ಎನ್ನುತ್ತಾರೆ. ಮೂವರಲ್ಲಿ ಒಬ್ಬರು ಈ ಗುಂಪಿಗೆ ಸೇರುತ್ತಾರೆ. ಅವರಿಗೆ ಗಾಡಿ ಓಡಿಸುವ ಹಾಗಿಲ್ಲ, ಒಬ್ಬರೇ ಬಾವಿ ಕಡೆ, ಒಲೆ ಕಡೆ ಹೋಗುವ ಹಾಗಿಲ್ಲ. ಮಕ್ಕಳಾದರೆ ಶಾಲೆ ತಪ್ಪುತ್ತದೆ. ಹೊಸ ದಾರಿ ಬೇಕಾಗಿರುವುದು ಇವರಿಗೆ.

ಇವರಿಗೆ ಈಗಾಗಲೇ ಇರುವ ದೊಡ್ಡ ದಾರಿ ಆಪರೇಶನ್. ಮಿದುಳಿನ ಯಾವ ಜಾಗದಿಂದ ಫಿಟ್ಸ್ ಹುಟ್ಟುತ್ತಿದೆ ಎಂದು ಖಚಿತವಾದರೆ, ಆ ಜಾಗ ತೆಗೆದರೂ ಮಾತಿಗೋ ಕೈಕಾಲಿಗೋ ತೊಂದರೆ ಇಲ್ಲ ಎಂದಾದರೆ, ಅದನ್ನು ತೆಗೆದುಬಿಡುತ್ತಾರೆ. ಕೆನಡಾದಲ್ಲಿ 80 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2001ರಲ್ಲಿ ಬಂತು. ಕಿವಿಯ ಮೇಲಿನ ಭಾಗದಲ್ಲಿರುವ ಟೆಂಪೊರಲ್ ಲೋಬ್‌ನಿಂದ ಫಿಟ್ಸ್ ಬರುತ್ತಿದ್ದವರು ಅವರೆಲ್ಲ. ಆಪರೇಶನ್ ಗುಂಪಿಗೆ ಹಾಕಿದವರಲ್ಲಿ 58% ಜನರಿಗೆ ಒಂದು ವರ್ಷದ ಹೊತ್ತಿಗೆ ಎಚ್ಚರ ತಪ್ಪಿಸುವ ಫಿಟ್ಸ್ ನಿಂತಿತ್ತು. ಬರೀ ಮಾತ್ರೆಯಲ್ಲೇ ಇದ್ದವರಲ್ಲಿ ಅದು 8% ಮಾತ್ರ. ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಕರೆಂಟಿನ ಅಂಕಿಗಳು ಬಂದಾಗ ಹೋಲಿಸಲು ಬೇಕಾಗುತ್ತದೆ.

ಎಲ್ಲರಿಗೂ ಆಪರೇಶನ್ ಆಗುವುದಿಲ್ಲ. ಕೆಲವರಿಗೆ ಫಿಟ್ಸ್ ಹುಟ್ಟುವ ಜಾಗ ಮಾತಿನ ಕೇಂದ್ರದ ಮೇಲೇ ಇರುತ್ತದೆ. ಕೆಲವರಿಗೆ ಎರಡು ಮೂರು ಜಾಗ. ಕೆಲವರಿಗೆ ಎಷ್ಟು ಸ್ಕ್ಯಾನ್ ಮಾಡಿದರೂ ಜಾಗ ಸಿಗುವುದೇ ಇಲ್ಲ. ದೇಹದೊಳಗೆ ಯಂತ್ರ ಕೂರಿಸುವ ವಿಧಾನಗಳೂ ಇವೆ. ಕತ್ತಿನ ವೇಗಸ್ ನರಕ್ಕೆ ತಂತಿ ಸುತ್ತಿ ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಡುವುದಕ್ಕೆ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ 1997ರಲ್ಲೇ ಒಪ್ಪಿಗೆ ಕೊಟ್ಟಿತು. ಮಿದುಳಿನ ಆಳಕ್ಕೆ ತಂತಿ ಇಳಿಸುವುದಕ್ಕೆ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಎಲ್ಲದಕ್ಕೂ ಕತ್ತರಿ ಹಾಕಬೇಕು, ಖರ್ಚು ಲಕ್ಷಗಳಲ್ಲಿ. ಹಾಗಾಗಿ ಹೊರಗಿನಿಂದಲೇ ಏನಾದರೂ ಮಾಡಲು ಆಗುತ್ತದಾ ಎಂದು ವೈದ್ಯರು ಹುಡುಕಿದ್ದು ಸಹಜ.

ಈಗ ಕರೆಂಟಿನ ಕೆಲಸಕ್ಕೆ ಬರೋಣ.

ಮಿದುಳಿನ ಒಂದೊಂದು ನರಕೋಶವೂ ತನ್ನ ಒಳಗೆ ಮತ್ತು ಹೊರಗೆ ವಿದ್ಯುತ್ತಿನ ವ್ಯತ್ಯಾಸ ಕಾಯ್ದುಕೊಂಡಿರುತ್ತದೆ. ಸುಮ್ಮನಿದ್ದಾಗ ಒಳಭಾಗ ಸುಮಾರು 70 ಮಿಲಿವೋಲ್ಟ್ ಋಣದಲ್ಲಿರುತ್ತದೆ. ಇದು 15 ಮಿಲಿವೋಲ್ಟ್‌ನಷ್ಟು ಮೇಲೇರಿದರೆ ಕೋಶ ಮಿಡಿಯುತ್ತದೆ, ಪಕ್ಕದ ಕೋಶಗಳಿಗೆ ಸುದ್ದಿ ಹೋಗುತ್ತದೆ. ಮಾಮೂಲಿ ದಿನದಲ್ಲಿ ಕೋಶಗಳು ಒಂದೊಂದು ಹೊತ್ತಿಗೆ ಒಂದೊಂದು ಮಿಡಿಯುತ್ತವೆ. ಫಿಟ್ಸ್ ಬಂದಾಗ ಸಾವಿರಾರು ಕೋಶಗಳು ಒಟ್ಟಿಗೆ, ಒಂದೇ ಲಯದಲ್ಲಿ ಮಿಡಿಯತೊಡಗುತ್ತವೆ, ತಡೆಯುವ ಕೋಶಗಳ ಕೈ ಸೋಲುತ್ತದೆ.

ಟಿಡಿಸಿಎಸ್‌ನಲ್ಲಿ ಎರಡು ಎಲೆಕ್ಟ್ರೋಡ್ ಇರುತ್ತವೆ. ಒಂದು ಆನೋಡ್, ಒಂದು ಕ್ಯಾಥೋಡ್. ಸ್ಥೂಲವಾಗಿ ಹೇಳುವುದಾದರೆ ಆನೋಡಿನ ಕೆಳಗಿರುವ ಕೋಶಗಳು ಮಿಡಿಯಲು ಸ್ವಲ್ಪ ಹತ್ತಿರವಾಗುತ್ತವೆ, ಕ್ಯಾಥೋಡಿನ ಕೆಳಗಿರುವವು ಸ್ವಲ್ಪ ದೂರವಾಗುತ್ತವೆ. ಫಿಟ್ಸ್‌ಗೆ ಬೇಕಾಗಿರುವುದು ತಣ್ಣಗಾಗಿಸುವುದು, ಅಲ್ವಾ? ಅದಕ್ಕೇ ಫಿಟ್ಸ್ ಹುಟ್ಟುವ ಜಾಗದ ಮೇಲೆ ಕ್ಯಾಥೋಡ್ ಇಡುತ್ತಾರೆ. ಆನೋಡನ್ನು ಎದುರು ಬದಿಯ ಹುಬ್ಬಿನ ಮೇಲೋ, ಭುಜದ ಮೇಲೋ ಇಡುತ್ತಾರೆ.

ಈ "ಸ್ವಲ್ಪ" ಅನ್ನುವುದು ಎಷ್ಟು ಸ್ವಲ್ಪ ಎನ್ನುವುದನ್ನು ತಿಳಿದುಕೊಳ್ಳಬೇಕು. ಕೊಟ್ಟ ಕರೆಂಟಿನ ಹೆಚ್ಚಿನ ಪಾಲು ಮಿದುಳಿಗೆ ಹೋಗುವುದೇ ಇಲ್ಲ. ತಲೆಬುರುಡೆ ಕರೆಂಟಿಗೆ ದೊಡ್ಡ ಅಡ್ಡಿ, ನೆತ್ತಿಯ ಚರ್ಮ ಸುಲಭದ ದಾರಿ. ಹಾಗಾಗಿ ಬಹುಪಾಲು ಚರ್ಮದಲ್ಲೇ ಸುತ್ತಿಕೊಂಡು ಹೋಗುತ್ತದೆ. ಶವಗಳ ಮೇಲೆ ಅಳೆದು ನೋಡಿದ ಒಂದು ಅಧ್ಯಯನ 2018ರಲ್ಲಿ ಬಂತು. ಸುಮಾರು ಮುಕ್ಕಾಲು ಭಾಗ ಕರೆಂಟ್ ಚರ್ಮ ಮತ್ತು ಮೂಳೆಯಲ್ಲೇ ಕಳೆದುಹೋಗುತ್ತದೆ ಎಂದು ಅದರಲ್ಲಿ ಕಂಡಿತು. ಬದುಕಿರುವವರ ಮಿದುಳಿನ ಅಳತೆಯೂ ಸಿಕ್ಕಿದೆ. ಅದನ್ನು ಸಾಧ್ಯ ಮಾಡಿದವರು ಅಪಸ್ಮಾರದ ರೋಗಿಗಳೇ. ಆಪರೇಶನ್‌ಗೆ ಮೊದಲು ಫಿಟ್ಸ್‌ನ ಮೂಲ ಹುಡುಕಲು ಕೆಲವರ ಮಿದುಳಿನೊಳಗೆ ಕೆಲವು ದಿನ ಎಲೆಕ್ಟ್ರೋಡ್ ಇಟ್ಟಿರುತ್ತಾರೆ. ನ್ಯೂಯಾರ್ಕಿನಲ್ಲಿ ಅಂಥ ಕೆಲವರು ಒಪ್ಪಿಕೊಂಡಿದ್ದರಿಂದ, ಹೊರಗಿನಿಂದ ಕರೆಂಟ್ ಕೊಟ್ಟು ಒಳಗೆ ಅಳೆಯಲು ಆಯಿತು. 2017ರ ಆ ಅಳತೆಯ ಪ್ರಕಾರ 2 ಮಿಲಿಆಂಪಿಯರ್ ಕೊಟ್ಟರೂ ಮಿದುಳಿನಲ್ಲಿ ಹುಟ್ಟುವ ವಿದ್ಯುತ್ ಕ್ಷೇತ್ರ ಮೀಟರಿಗೆ 1 ವೋಲ್ಟನ್ನೂ ಮುಟ್ಟುವುದಿಲ್ಲ. ಅಷ್ಟರಿಂದ ಒಂದು ಕೋಶದ ವೋಲ್ಟೇಜ್ ಬದಲಾಗುವುದು ಒಂದು ಮಿಲಿವೋಲ್ಟಿನ ಕಾಲು ಭಾಗಕ್ಕಿಂತ ಕಡಿಮೆ.

ಮಿಡಿಯಲು ಬೇಕಾಗಿರುವುದು 15, ಸಿಗುವುದು ಕಾಲು. ಇದರಿಂದ ಏನಾದೀತು ಎಂದು ಅನುಮಾನ ಬರಬೇಕು, ಬರುವುದು ಒಳ್ಳೆಯದು. ಇದಕ್ಕೆ ಉತ್ತರವೂ ಇದೆ. ಈ ಕರೆಂಟ್ ತಾನಾಗಿ ಯಾವ ಕೋಶವನ್ನೂ ಮಿಡಿಸುವುದಿಲ್ಲ, ನಿಲ್ಲಿಸುವುದೂ ಇಲ್ಲ. ಆಗಲೇ ಅಂಚಿನಲ್ಲಿರುವ ಕೋಶಗಳನ್ನು ಅತ್ತಲೋ ಇತ್ತಲೋ ಒಂದಿಷ್ಟು ಸರಿಸುತ್ತದೆ. ಉಕ್ಕುವ ಹಂತಕ್ಕೆ ಬಂದ ಹಾಲಿಗೆ ಉರಿ ಸ್ವಲ್ಪ ತಗ್ಗಿಸಿದರೂ ವ್ಯತ್ಯಾಸ ಆಗುತ್ತದಲ್ಲ, ಹಾಗೆ. ಲಕ್ಷಾಂತರ ಕೋಶಗಳು ಒಟ್ಟಿಗೆ ಇಷ್ಟಿಷ್ಟೇ ಸರಿದರೆ ಇಡೀ ಜಾಲದ ನಡವಳಿಕೆ ಬದಲಾಗಬಹುದು.

ಇನ್ನೊಂದು ಮುಖ್ಯ ಸಂಗತಿ ಇದೆ. ಕರೆಂಟ್ ನಿಂತ ಮೇಲೂ ಪರಿಣಾಮ ಉಳಿಯುತ್ತದೆ. 1960ರ ದಶಕದಲ್ಲೇ ಲಂಡನ್ನಿನ ವಿಜ್ಞಾನಿಗಳು ಇಲಿಗಳ ಮಿದುಳಿನಲ್ಲಿ ಇದನ್ನು ಕಂಡಿದ್ದರು. ಮನುಷ್ಯರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದ್ದು ಜರ್ಮನಿಯ ಗಟ್ಟಿಂಗನ್‌ನಲ್ಲಿ ಮೈಕಲ್ ನಿಟ್ಶೆ ಮತ್ತು ವಾಲ್ಟರ್ ಪೌಲಸ್, 2000ದಲ್ಲಿ. ಕೆಲವು ನಿಮಿಷ ಕರೆಂಟ್ ಕೊಟ್ಟು ನಿಲ್ಲಿಸಿದ ಮೇಲೂ ಮಿದುಳಿನ ಚುರುಕುತನ ಬದಲಾಗಿಯೇ ಇತ್ತು. ಅಂದರೆ ಕೋಶಗಳ ನಡುವಿನ ಜೋಡಣೆಯೇ ಸ್ವಲ್ಪ ಸಡಿಲವೋ ಬಿಗಿಯೋ ಆಗುತ್ತದೆ. ನೆನಪು ಕೂಡಿಡುವ ಅದೇ ವ್ಯವಸ್ಥೆ ಇಲ್ಲೂ ಕೆಲಸ ಮಾಡುತ್ತದೆ. ಚಿಕಿತ್ಸೆಯ ಆಸೆ ಹುಟ್ಟಿದ್ದು ಈ ಉಳಿಯುವ ಗುಣದಿಂದಲೇ.

ಆದರೆ ಕ್ಯಾಥೋಡ್ ಇಟ್ಟರೆ ತಣ್ಣಗಾಗುತ್ತದೆ ಎಂಬ ಸೂತ್ರ ಪೂರ್ತಿ ನಿಜವಲ್ಲ. 2013ರಲ್ಲಿ ಅದೇ ಗಟ್ಟಿಂಗನ್ ಗುಂಪು ಆರೋಗ್ಯವಂತರ ಮೇಲೆ 1 ಮಿಲಿಆಂಪಿಯರ್ ಬದಲು 2 ಮಿಲಿಆಂಪಿಯರ್ ಕ್ಯಾಥೋಡ್ ಕರೆಂಟನ್ನು 20 ನಿಮಿಷ ಕೊಟ್ಟು ನೋಡಿತು. ಫಲಿತಾಂಶ ತಿರುಗಿಬಿತ್ತು. ಮಿದುಳು ತಣ್ಣಗಾಗುವ ಬದಲು ಚುರುಕಾಯಿತು! ಕರೆಂಟ್ ಜಾಸ್ತಿ ಮಾಡಿದರೆ ಗುಣವೂ ಜಾಸ್ತಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಿದುಳಿನ ಮೇಲ್ಮೈ ಮಡಿಕೆ ಮಡಿಕೆಯಾಗಿದೆ. ಒಂದು ಮಡಿಕೆಯ ಎರಡು ಗೋಡೆಗಳಲ್ಲಿ ಕೋಶಗಳು ಎದುರು ಬದುರಾಗಿ ನಿಂತಿರುತ್ತವೆ. ಒಂದೇ ಕರೆಂಟ್ ಒಂದು ಗೋಡೆಯನ್ನು ತಣ್ಣಗಾಗಿಸಿ ಇನ್ನೊಂದನ್ನು ಕೆಣಕಬಹುದು. ತಲೆಬುರುಡೆಯ ದಪ್ಪವೂ ಒಬ್ಬೊಬ್ಬರಿಗೆ ಒಂದೊಂದು ಥರ. ಹಾಗಾಗಿ ಈಗ ಕೆಲವು ಕಡೆ ರೋಗಿಯ ಎಂಆರ್‌ಐ ನೋಡಿ, ಕಂಪ್ಯೂಟರಿನಲ್ಲಿ ಆ ತಲೆಯ ಮಾದರಿ ಕಟ್ಟಿ, ಎಲ್ಲಿ ಎಷ್ಟು ಕರೆಂಟ್ ತಲುಪುತ್ತದೆ ಎಂದು ಲೆಕ್ಕ ಹಾಕಿ ಎಲೆಕ್ಟ್ರೋಡ್ ಇಡುತ್ತಾರೆ. ದೊಡ್ಡ ಸ್ಪಂಜಿನ ಬದಲು ಚಿಕ್ಕ ಚಿಕ್ಕ ಎಲೆಕ್ಟ್ರೋಡ್‌ಗಳನ್ನು ಬಳಸುವವರೂ ಇದ್ದಾರೆ. ಈ ಚಿಕಿತ್ಸೆಗೆ ಮುಂದೆ ಬೆಲೆ ಬರುವುದಾದರೆ ಈ ದಾರಿಯಿಂದಲೇ ಬರುತ್ತದೆ ಎಂದು ನನ್ನ ನಂಬಿಕೆ.

ಚಿಕಿತ್ಸೆ ಕೊಡುವ ಕ್ರಮ ಸರಳ. ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ, ಮಾಡಿ ಜಾಗ ಗುರುತಿಸುತ್ತಾರೆ. ಉಪ್ಪುನೀರಿನಲ್ಲಿ ನೆನೆಸಿದ ಸ್ಪಂಜುಗಳ ಒಳಗೆ ಎಲೆಕ್ಟ್ರೋಡ್ ಇಟ್ಟು ತಲೆಗೆ ಪಟ್ಟಿ ಕಟ್ಟುತ್ತಾರೆ. ಕರೆಂಟನ್ನು ನಿಧಾನವಾಗಿ ಏರಿಸುತ್ತಾರೆ. ಮೊದಲ ಅರ್ಧ ನಿಮಿಷ ಚರ್ಮದಲ್ಲಿ ಚುಮುಚುಮು, ಸ್ವಲ್ಪ ತುರಿಕೆ. ಆಮೇಲೆ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ.

ಪರೀಕ್ಷೆಗಳು ಏನು ಹೇಳುತ್ತವೆ? 2006ರಲ್ಲಿ ಫೆಲಿಪೆ ಫ್ರೆಗ್ನಿ ಮತ್ತು ಜೊತೆಗಾರರು 19 ರೋಗಿಗಳ ಮೇಲೆ ಒಂದೇ ಒಂದು ಸಲ, 20 ನಿಮಿಷ, 1 ಮಿಲಿಆಂಪಿಯರ್ ಕೊಟ್ಟು ನೋಡಿದರು. ಇಇಜಿಯಲ್ಲಿ ಫಿಟ್ಸ್ ಇಲ್ಲದ ಹೊತ್ತಲ್ಲೂ ಕಾಣುವ ಚೂಪು ಅಲೆಗಳು, ವೈದ್ಯರು ಸ್ಪೈಕ್ ಎನ್ನುವವು, ಸುಮಾರು 64% ಇಳಿದವು. ಫಿಟ್ಸ್ ಕೂಡ ಕಡಿಮೆಯಾದ ಹಾಗೆ ಕಂಡಿತು, ಆದರೆ ಅದು ಆಕಸ್ಮಿಕ ಅಲ್ಲ ಎಂದು ಹೇಳುವಷ್ಟು ಗಟ್ಟಿ ಇರಲಿಲ್ಲ. 2013ರಲ್ಲಿ ಥಾಯ್ಲೆಂಡಿನ ಖೋನ್ ಕೇನ್‌ನಲ್ಲಿ 36 ಮಕ್ಕಳ ಮೇಲೆ ಇದೇ ಥರ ಒಂದು ಸಲದ ಪರೀಕ್ಷೆ ನಡೆಯಿತು. ಸ್ಪೈಕ್‌ಗಳು ಎರಡು ದಿನ ಚೆನ್ನಾಗಿ ಇಳಿದಿದ್ದವು. ಫಿಟ್ಸ್ ಇಳಿದದ್ದು 5%ಗಿಂತಲೂ ಕಡಿಮೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ವಿಷಯದಲ್ಲಿ ಜನ ಮೋಸ ಹೋಗುವ ಜಾಗ ಇದೇ. ಸ್ಪೈಕ್ ಕಡಿಮೆಯಾದರೆ ಫಿಟ್ಸ್ ಕಡಿಮೆಯಾಯಿತು ಎಂದಲ್ಲ. ಇಇಜಿ ಕಾಗದ ಸ್ವಚ್ಛವಾದರೆ ವೈದ್ಯರಿಗೆ ಖುಷಿ, ಪತ್ರಿಕೆಗೆ ಸುದ್ದಿ. ಆದರೆ ಮನೆಯಲ್ಲಿ ಮಗು ತಿಂಗಳಿಗೆ ಎಂಟು ಸಲ ಬೀಳುತ್ತಿದ್ದದ್ದು ಎಂಟೇ ಸಲ ಬೀಳುತ್ತಿದ್ದರೆ ತಾಯಿಗೆ ಏನು ಬಂತು? "ಮಿದುಳಿನ ಅಲೆಗಳಲ್ಲಿ ಸುಧಾರಣೆ" ಎಂಬ ಮಾತು ಎಲ್ಲಿ ಕಂಡರೂ, ಫಿಟ್ಸ್ ಎಷ್ಟು ಕಡಿಮೆಯಾಯಿತು, ಎಷ್ಟು ದಿನ ಉಳಿಯಿತು ಎಂದು ಕೇಳಿ.

ಒಂದು ಸಲದ ಬದಲು ಹಲವು ದಿನ ಕೊಟ್ಟ ಪರೀಕ್ಷೆಗಳು ಆಮೇಲೆ ಬಂದವು, ಅವುಗಳಲ್ಲಿ ಆಸೆಗೆ ಸ್ವಲ್ಪ ಆಧಾರ ಇದೆ. ಅದೇ ಖೋನ್ ಕೇನ್‌ನಲ್ಲಿ ಲೆನಾಕ್ಸ್-ಗ್ಯಾಸ್ಟೋ ಎಂಬ ಬಹಳ ಕಠಿಣ ಬಗೆಯ ಅಪಸ್ಮಾರ ಇದ್ದ 22 ಮಕ್ಕಳಲ್ಲಿ ಕೆಲವರಿಗೆ ಐದು ದಿನ ನಿಜವಾದ ಕರೆಂಟ್, ಉಳಿದವರಿಗೆ ಹುಸಿ ಕರೆಂಟ್ ಕೊಟ್ಟರು. ನಿಜವಾದ ಕರೆಂಟ್ ಸಿಕ್ಕ ಮಕ್ಕಳಲ್ಲಿ ಮುಗಿದ ತಕ್ಷಣ ಫಿಟ್ಸ್ ಹೆಚ್ಚು ಕಡಿಮೆ ನಿಂತೇ ಹೋಗಿತ್ತು. ನಾಲ್ಕು ವಾರದ ಹೊತ್ತಿಗೆ ಆ ಇಳಿಕೆ ಸುಮಾರು 56%ಗೆ ಬಂದಿತ್ತು. ಮೆಕ್ಸಿಕೋದಲ್ಲಿ 28 ಜನರಿಗೆ ಮೂರು ಅಥವಾ ಐದು ದಿನ, ದಿನಕ್ಕೆ ಅರ್ಧ ಗಂಟೆ ಕೊಟ್ಟ ಪರೀಕ್ಷೆ 2017ರಲ್ಲಿ ಬಂತು. ಎರಡು ತಿಂಗಳ ನಂತರ ನಿಜವಾದ ಕರೆಂಟ್ ಪಡೆದವರಲ್ಲಿ ಫಿಟ್ಸ್ ಸರಾಸರಿ 48% ಇಳಿದಿತ್ತು, ಹುಸಿ ಕರೆಂಟ್ ಪಡೆದವರಲ್ಲಿ 6%. 2020ರಲ್ಲಿ ಚೀನಾದಿಂದ 70 ಜನರ ಪರೀಕ್ಷೆ ಬಂತು. 14 ದಿನದ ಚಿಕಿತ್ಸೆ. ದಿನಕ್ಕೆ ಎರಡು ಸಲ ಕೊಟ್ಟವರಿಗೆ ಒಂದು ಸಲ ಕೊಟ್ಟವರಿಗಿಂತ ಚೆನ್ನಾಗಿ ಗುಣ ಕಂಡಿತು. ಆದರೂ ವಾರಗಳು ಕಳೆದಂತೆ ಗುಣ ಇಳಿಯುತ್ತಾ ಹೋಯಿತು.

ಹುಸಿ ಕರೆಂಟ್ ಏಕೆ ಬೇಕು ಎಂದು ಕೇಳಬಹುದು. ಅಪಸ್ಮಾರ ತನ್ನಷ್ಟಕ್ಕೆ ತಾನೇ ಏರುತ್ತಾ ಇಳಿಯುತ್ತಾ ಇರುತ್ತದೆ. ಜನ ಹೊಸ ಚಿಕಿತ್ಸೆಗೆ ಬರುವುದು ಫಿಟ್ಸ್ ಬಹಳ ಕಾಡುತ್ತಿರುವ ತಿಂಗಳಲ್ಲಿ. ಮುಂದಿನ ತಿಂಗಳು ಅದು ಏನೂ ಮಾಡದಿದ್ದರೂ ಸ್ವಲ್ಪ ಇಳಿಯುವ ಸಾಧ್ಯತೆ ಇರುತ್ತದೆ. ಆ ಇಳಿಕೆಯನ್ನು ಕರೆಂಟಿನ ಲೆಕ್ಕಕ್ಕೆ ಬರೆದುಕೊಳ್ಳಬಾರದು. ಅದಕ್ಕೇ ಒಂದು ಗುಂಪಿಗೆ ಮೊದಲ ಅರ್ಧ ನಿಮಿಷ ಮಾತ್ರ ಕರೆಂಟ್ ಕೊಟ್ಟು ಸದ್ದಿಲ್ಲದೆ ನಿಲ್ಲಿಸುತ್ತಾರೆ. ಚುಮುಚುಮು ಅನಿಸುವುದರಿಂದ ಅವರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಲೆಕ್ಕ ಇಡುವುದರಲ್ಲೇ ಇನ್ನೊಂದು ತೊಡಕಿದೆ. ಫಿಟ್ಸ್ ಎಷ್ಟು ಬಂತು ಎಂದು ರೋಗಿಗಳೇ ಡೈರಿಯಲ್ಲಿ ಬರೆಯುತ್ತಾರೆ. ಜರ್ಮನಿಯ ಬಾನ್ ನಗರದಲ್ಲಿ ರೋಗಿಗಳನ್ನು ವಿಡಿಯೋ ಇಇಜಿಯಲ್ಲಿಟ್ಟು ನೋಡಿದಾಗ, ಬಂದ ಫಿಟ್ಸ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ರೋಗಿಯ ಲೆಕ್ಕಕ್ಕೇ ಬಂದಿರಲಿಲ್ಲ. ನಿದ್ದೆಯಲ್ಲಿ ಬಂದವುಗಳಲ್ಲಂತೂ ಹೆಚ್ಚಿನವು ತಪ್ಪಿಹೋಗಿದ್ದವು. ಇದು ರೋಗಿಯ ತಪ್ಪಲ್ಲ, ಫಿಟ್ಸ್ ನೆನಪನ್ನೇ ಅಳಿಸುತ್ತದೆ. ಆದರೆ ಇಪ್ಪತ್ತು ಮೂವತ್ತು ಜನರ ಪರೀಕ್ಷೆಯಲ್ಲಿ ಇಂಥ ಲೆಕ್ಕದ ಮೇಲೆ ದೊಡ್ಡ ತೀರ್ಮಾನ ಕಟ್ಟಲು ಆಗುವುದಿಲ್ಲ.

ಟಿಡಿಸಿಎಸ್ ಒಂದೇ ಅಲ್ಲ, ಅಕ್ಕಪಕ್ಕದ ವಿಧಾನಗಳೂ ಇವೆ. ಟಿಎಂಎಸ್‌ನಲ್ಲಿ ತಲೆಯ ಮೇಲೆ ಸುರುಳಿ ಹಿಡಿದು ಕಾಂತದ ಮಿಡಿತದಿಂದ ಮಿದುಳಿನಲ್ಲಿ ಕರೆಂಟ್ ಹುಟ್ಟಿಸುತ್ತಾರೆ. ಅದರ ಎಲ್ಲ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ವಿಮರ್ಶೆ ಹೇಳಿದ್ದೂ ಅದೇ ಮಾತು: ಸ್ಪೈಕ್ ಇಳಿಯುತ್ತದೆ, ಆದರೆ ಫಿಟ್ಸ್ ಇಳಿಯುತ್ತದೆ ಎನ್ನಲು ಸಾಕಷ್ಟು ಆಧಾರ ಇಲ್ಲ. ಹಣೆಗೆ ಅಂಟಿಸಿ ರಾತ್ರಿಯಿಡೀ ಮುಖದ ಸ್ಪರ್ಶ ತಿಳಿಸುವ ಟ್ರೈಜೆಮಿನಲ್ ನರಕ್ಕೆ ಕರೆಂಟ್ ಕೊಡುವ ಪಟ್ಟಿಯನ್ನು 50 ಜನರ ಮೇಲೆ ಪರೀಕ್ಷಿಸಿದರು. ಕನಿಷ್ಠ ಅರ್ಧದಷ್ಟು ಫಿಟ್ಸ್ ಇಳಿದವರು ಚಿಕಿತ್ಸೆಯ ಗುಂಪಿನಲ್ಲಿ 30%, ಹೋಲಿಕೆಯ ಗುಂಪಿನಲ್ಲಿ 21%. ಇಷ್ಟು ಕಡಿಮೆ ಜನರಲ್ಲಿ ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದು.

ಕಿವಿಯ ವಿಧಾನ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು. ಹೊರಕಿವಿಯ ಒಳಗುಳಿಯಲ್ಲಿ ವೇಗಸ್ ನರದ ಒಂದು ಕವಲು ಚರ್ಮದ ಹತ್ತಿರಕ್ಕೇ ಬರುತ್ತದೆ. ಕತ್ತು ಕೊಯ್ದು ತಂತಿ ಸುತ್ತುವ ಬದಲು ಅಲ್ಲಿಂದಲೇ ಆ ನರಕ್ಕೆ ಸುದ್ದಿ ಕಳಿಸಬಹುದು. ಒಂದು ಪರೀಕ್ಷೆಯಲ್ಲಿ 76 ಜನ ದಿನಕ್ಕೆ ನಾಲ್ಕು ಗಂಟೆ, 20 ವಾರ ಇದನ್ನು ಹಾಕಿಕೊಂಡರು. ಸೆಕೆಂಡಿಗೆ 25 ಮಿಡಿತ ಪಡೆದು ಪೂರ್ತಿ ಮುಗಿಸಿದವರಲ್ಲಿ ಫಿಟ್ಸ್ ಸುಮಾರು 34% ಇಳಿಯಿತು. ಆದರೆ ಅರ್ಧಕ್ಕಿಂತ ಹೆಚ್ಚು ಗುಣ ಕಂಡವರನ್ನು ಎಣಿಸಿದಾಗ, ಸೆಕೆಂಡಿಗೆ ಒಂದೇ ಮಿಡಿತ ಕೊಟ್ಟ ಹೋಲಿಕೆಯ ಗುಂಪಿಗಿಂತ ಮೇಲು ಎಂದು ತೋರಿಸಲು ಆಗಲಿಲ್ಲ.

ಅಪಾಯದ ವಿಷಯದಲ್ಲಿ ಸುದ್ದಿ ಒಳ್ಳೆಯದಿದೆ. 2016ರಲ್ಲಿ, ಬೇರೆ ಬೇರೆ ಕಾಯಿಲೆಗಳಿಗೂ ಆರೋಗ್ಯವಂತರಿಗೂ ಕೊಟ್ಟ 33,000ಕ್ಕೂ ಹೆಚ್ಚು ಟಿಡಿಸಿಎಸ್ ಸರದಿಗಳನ್ನು ಒಟ್ಟುಗೂಡಿಸಿ ನೋಡಿದರು. ನಿಗದಿತ ಮಿತಿಯೊಳಗೆ ಕೊಟ್ಟಾಗ ಯಾರಿಗೂ ಗಂಭೀರ ಹಾನಿ ಆದದ್ದು ಕಾಣಲಿಲ್ಲ. ತುರಿಕೆ, ಚರ್ಮ ಕೆಂಪಾಗುವುದು, ತಲೆನೋವು ಇರುತ್ತದೆ. ಸ್ಪಂಜು ಒಣಗಿದರೆ ಚರ್ಮ ಸುಡಬಹುದು. ಆದರೆ ಇದು ಬಲ್ಲವರ ಕೈಯಲ್ಲಿ ನಡೆದಾಗಿನ ಮಾತು. ಟಿಡಿಸಿಎಸ್ ಯಂತ್ರ ಬಹಳ ಸರಳವಾದ್ದು, 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತದೆ. ಆನ್‌ಲೈನ್‌ನಲ್ಲಿ ಏಕಾಗ್ರತೆಗೆ, ಓದಿಗೆ ಎಂದು ಮಾರುತ್ತಾರೆ. ಅಪಸ್ಮಾರ ಇರುವವರು ಅದನ್ನು ಸುಮ್ನೆ ಕುತೂಹಲಕ್ಕೂ ಹಾಕಿಕೊಳ್ಳಬಾರದು. ಫಿಟ್ಸ್ ಹುಟ್ಟುವ ಜಾಗದ ಮೇಲೆ ತಪ್ಪಿ ಆನೋಡ್ ಕೂತರೆ ಕೆಣಕಿದ ಹಾಗಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ ಕರೆಂಟ್ ಇದೆಯಲ್ಲ ಎಂದು ಮಾತ್ರೆ ಬಿಡುವುದು. ಮಾತ್ರೆ ದಿಢೀರನೆ ನಿಲ್ಲಿಸಿದರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು. ಮೇಲಿನ ಎಲ್ಲ ಪರೀಕ್ಷೆಗಳಲ್ಲೂ ರೋಗಿಗಳು ತಮ್ಮ ಮಾತ್ರೆ ನುಂಗುತ್ತಲೇ ಕರೆಂಟ್ ಪಡೆದರು.

ಟಿಡಿಸಿಎಸ್ ನಮ್ಮ ನಾಡಿಗೆ ಹೊಸದೇನಲ್ಲ. ನಿಮ್ಹಾನ್ಸ್‌ನ ಮನೋವೈದ್ಯರು ಸ್ಕಿಜೋಫ್ರೇನಿಯಾದಲ್ಲಿ ಔಷಧಿಗೆ ಬಗ್ಗದೆ ಕಿವಿಯಲ್ಲಿ ಧ್ವನಿಗಳು ಕೇಳುವ ತೊಂದರೆಗೆ ಇದನ್ನು ಬಳಸಿ, ಹಲವು ಅಧ್ಯಯನ ಮಾಡಿದ್ದಾರೆ. ಅಪಸ್ಮಾರಕ್ಕೆ ಮಾತ್ರ ಇದು ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ. ಅಮೆರಿಕದ ಎಫ್‌ಡಿಎ ಕೂಡ ಅಪಸ್ಮಾರದ ಚಿಕಿತ್ಸೆಯಾಗಿ ಇದಕ್ಕೆ ಒಪ್ಪಿಗೆ ಕೊಟ್ಟಿಲ್ಲ.

ಎಲ್ಲ ಬಗೆಯ ಫಿಟ್ಸ್‌ಗೂ ಇಂಥ ಹುಡುಕಾಟ ಬೇಕಾಗಿಲ್ಲ ಎನ್ನುವುದನ್ನೂ ಹೇಳಬೇಕು. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಫಿಟ್ಸ್ ನಮ್ಮ ಮೈಸೂರು, ಮಂಡ್ಯದ ಕಡೆ ಬೇರೆ ದೇಶಗಳಿಗಿಂತ ಎಷ್ಟೋ ಹೆಚ್ಚು ಕಾಣುತ್ತದೆ. ಅಂಥವರಲ್ಲಿ ಬಹಳ ಜನರಿಗೆ ನೀರಿನ ಬಿಸಿ ತಗ್ಗಿಸಿದರೆ, ತಲೆಸ್ನಾನಕ್ಕೆ ಮೊದಲು ವೈದ್ಯರು ಹೇಳಿದಂತೆ ಕ್ಲೋಬಜಾಮ್ ಮಾತ್ರೆ ತೆಗೆದುಕೊಂಡರೆ ಸಾಕಾಗುತ್ತದೆ. ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ. ಎಸ್. ಮಣಿ ನಡೆಸಿದ ಅಧ್ಯಯನ ತೋರಿಸಿದ್ದು ಕೂಡ, ಫಿನೋಬಾರ್ಬಿಟಾನ್‌ನಂಥ ಅಗ್ಗದ ಹಳೇ ಮಾತ್ರೆಯನ್ನು ತಪ್ಪದೆ ಕೊಟ್ಟರೆ ಹಳ್ಳಿಯಲ್ಲೇ ಎಷ್ಟು ಜನರನ್ನು ಸುಧಾರಿಸಬಹುದು ಎಂಬುದನ್ನು. ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಬೀಗದ ಕೈ ತುರುಕುವುದು ಇನ್ನೂ ನಿಂತಿಲ್ಲದ ನಾಡಿನಲ್ಲಿ, ಮೊದಲ ಮಾತ್ರೆಯೇ ಸಿಗದವರು ಎಷ್ಟೋ ಜನ ಇದ್ದಾರೆ. ಅವರಿಗೆ ಬೇಕಾಗಿರುವುದು ಯಂತ್ರ ಅಲ್ಲ, ಮಾತ್ರೆ.

ಎರಡು ಮಾತ್ರೆಗಳೂ ಸೋತಿದ್ದರೆ ಮೊದಲು ಕೇಳಬೇಕಾದ್ದು ಆಪರೇಶನ್ ಆಗುತ್ತದೆಯೇ ಎಂದು. ಆ ತಪಾಸಣೆ ನಿಮ್ಹಾನ್ಸ್‌ನಲ್ಲಿದೆ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿದೆ, ದೆಹಲಿಯ ಏಮ್ಸ್‌ನಲ್ಲಿದೆ. ಅದಕ್ಕೆ ಹೆದರಿ, ಕರೆಂಟಿನ ಆಸೆಗೆ ವರ್ಷಗಳನ್ನು ಕಳೆಯಬೇಡಿ. ಆಪರೇಶನ್‌ನಲ್ಲಿ ಅಂಕಿ ಹೇಳುವುದು ಫಿಟ್ಸ್ ನಿಂತವರ ಬಗ್ಗೆ, ಕರೆಂಟಿನ ಅಂಕಿ ಹೇಳುವುದು ಫಿಟ್ಸ್ ಕೆಲವು ವಾರ ಕಡಿಮೆಯಾದವರ ಬಗ್ಗೆ. ಎರಡೂ ಒಂದೇ ಅಲ್ಲ.

ಆಪರೇಶನ್ ಆಗುವುದಿಲ್ಲ ಎಂದು ತಜ್ಞರು ಹೇಳಿದ ಮೇಲೆ, ಯಾರಾದರೂ ಟಿಡಿಸಿಎಸ್ ಅಥವಾ ಕಿವಿಯ ಯಂತ್ರದ ಸಂಶೋಧನೆಗೆ ಕರೆದರೆ ಯೋಚಿಸಬಹುದು. ನಿಮ್ಮವರಿಗಾಗಿ ಹೋಗುತ್ತಿದ್ದರೆ ಕೆಲವು ಪ್ರಶ್ನೆ ಮೊದಲೇ ಕೇಳಿ. ಪರೀಕ್ಷೆ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ ಆಗಿದೆಯೇ ನೋಡಿ, ಅದನ್ನು ಯಾರು ಬೇಕಾದರೂ ಹುಡುಕಿ ಓದಬಹುದು. ಸಂಶೋಧನೆಯ ಖರ್ಚನ್ನು ರೋಗಿಯಿಂದ ವಸೂಲು ಮಾಡಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನಿಯಮಗಳೇ ಹೇಳುತ್ತವೆ, ಹಾಗಾಗಿ ದುಡ್ಡು ಕೇಳಿದರೆ ಅನುಮಾನ ಪಡಿ. ಹುಸಿ ಕರೆಂಟಿನ ಗುಂಪಿಗೆ ಬಿದ್ದರೆ ಕೊನೆಯಲ್ಲಿ ನಿಜವಾದ್ದು ಕೊಡುತ್ತಾರೆಯೇ ಎಂದು ಕೇಳಿ. ಹೋಗುವ ಮೊದಲ ಒಂದೆರಡು ತಿಂಗಳು, ಮನೆಯವರೆಲ್ಲ ಸೇರಿ, ರಾತ್ರಿಯ ಫಿಟ್ಸ್ ಕೂಡ ಬಿಡದೆ ಡೈರಿ ಬರೆಯಿರಿ. ಆ ಡೈರಿ ಇಲ್ಲದೆ ಗುಣ ಆಯಿತೋ ಇಲ್ಲವೋ ಎಂದು ನಿಮಗೂ ಗೊತ್ತಾಗುವುದಿಲ್ಲ, ವೈದ್ಯರಿಗೂ ಗೊತ್ತಾಗುವುದಿಲ್ಲ.